ಹದಿನಾರರ ಲೆಕ್ಕ

ಬಹಳ ದಿನಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿರಲಿಲ್ಲ. "ಸರ್, ಆರೋಗ್ಯವಾಗಿದ್ದೀರಾ?" ಎಂದು ಬೆಂಗಳೂರಿನಿಂದ ಒಬ್ಬರು, ದುಬೈಯಿಂದ ಇನ್ನೊಬ್ಬರು ಹಳೆಯ ವಿದ್ಯಾರ್ಥಿಗಳು ವಿಚಾರಿಸಿದ್ದಾರೆ. ಆರೋಗ್ಯಕ್ಕೇನೂ ಕೊರತೆಯಿಲ್ಲ. ಬರೆಯಬೇಕಾದ ವಿಷಯವೊಂದು ಜೂನ್ ತಿಂಗಳಿನಿಂದಲೂ ಕೈಯಲ್ಲಿತ್ತು. ಅದನ್ನು ಬರೆಯದೆ ಬೇರೊಂದನ್ನು ಬರೆಯುವುದು ಸರಿಯಲ್ಲವೆನಿಸಿತು. ಅದನ್ನೇ ಬರೆಯಲು ಧೈರ್ಯ ಬರಲಿಲ್ಲ. ಮೇಲ್ನೋಟಕ್ಕೆ ಇದು ಮನೆಗೆ ಬಂದ ಹೊಸ ಸ್ಪೀಕರುಗಳಿಗೆ ತಕ್ಕ ಆಂಪ್ಲಿಫಯರ್ ಹುಡುಕಿದ ಕಥೆ. ವಿಜ್ಞಾನದಲ್ಲಿ ಆಸಕ್ತಿಯಿಲ್ಲದ ಬಂಧುಗಳು ಲೆಕ್ಕಗಳನ್ನು ಹಾರಿಸಿ ಓದಬಹುದು. ಆದರೆ 1991ನೆಯ ಇಸವಿಯ ಹತ್ತನೆಯ ತರಗತಿಯವರು ಮಾತ್ರ ದಯವಿಟ್ಟು ಒಂದಕ್ಷರವನ್ನೂ ಬಿಡಬಾರದು.

ನಮ್ಮ ಮನೆಗೆ ಬಂದುಹೋದವರಿಗೆಲ್ಲ ಚಾವಡಿಯ ಮೂಲೆಯ ಹಳೆಯ ಆಂಪ್ಲಿಫಯರಿನ ಪರಿಚಯವಿದೆ. 1994ರಲ್ಲಿ ಮಂಗಳೂರಿನಿಂದ ಬಸ್ಸಿನ ಮೇಲೆ ಹೇರಿಸಿ ತಂದದ್ದು. ಪ್ರತಿ ಬದಿಗೆ 25 ವ್ಯಾಟ್. ಅದರೊಡನೆ ಎರಡು ಮರದ ಸ್ಪೀಕರುಗಳು ಮತ್ತು ಒಂದು ಕ್ಯಾಸೆಟ್ ಡೆಕ್. ಬೆಳಗ್ಗೆ ಆಕಾಶವಾಣಿ, ಸಂಜೆ ಕ್ಯಾಸೆಟ್. ನಮ್ಮ ಅಣ್ಣನಿಗೆ ಯಕ್ಷಗಾನದ ಹುಚ್ಚು. ಟೂ-ಇನ್-ವನ್ ಒಂದನ್ನು ಬಗಲಿಗೆ ಹಾಕಿಕೊಂಡು ಪುತ್ತೂರು, ಸುಳ್ಯ, ಕಡಬದ ಕಡೆ ಎಲ್ಲಿ ಆಟವಿದ್ದರೂ ಹೋಗಿ ಚೌಕಿಯ ಬದಿಯಲ್ಲೋ ರಂಗಸ್ಥಳದ ಮುಂದೆಯೋ ಕುಳಿತು ಧ್ವನಿಮುದ್ರಿಸುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷಗಳಾದವು. ಅವನ ಕ್ಯಾಸೆಟ್ಟುಗಳಿಗೆ ನಮ್ಮ ಮಳೆಗಾಲದ ಬೂಷ್ಟು ಹಿಡಿಯುವ ಮೊದಲೇ ನನ್ನ ಮಗ ಅರುವತ್ತರಷ್ಟನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದಾನೆ.

ಅದೇ ಮಗ ಮೊನ್ನೆ ಮೇ ತಿಂಗಳ ರಜೆಯಲ್ಲಿ ಬಂದಾಗ ಎರಡು ಭಾರದ ರಟ್ಟಿನ ಪೆಟ್ಟಿಗೆಗಳನ್ನು ಕಾರಿನಿಂದ ಇಳಿಸಿದ. ವಿದೇಶೀ ಸ್ಪೀಕರುಗಳು. "ಅಪ್ಪ, ದೊಡ್ಡಪ್ಪನ ರೆಕಾರ್ಡಿಂಗನ್ನು ಇದರಲ್ಲಿ ಕೇಳಿ" ಎಂದ. ಬೆಲೆಯನ್ನು ಹೇಳಲಿಲ್ಲ. ಸೊಸೆ ಬಾಯಿತಪ್ಪಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು 1985ರಲ್ಲಿ ಕೆಲಸಕ್ಕೆ ಸೇರಿದಾಗಿನ ಸಂಬಳದಲ್ಲಿ ಅದನ್ನು ಕೊಳ್ಳಬೇಕಿದ್ದರೆ ಊಟ ಬಿಟ್ಟು ಎಷ್ಟೋ ವರ್ಷ ದುಡಿಯಬೇಕಿತ್ತು ಎಂದಷ್ಟೇ ಹೇಳಬಲ್ಲೆ. ಆಂಪ್ಲಿಫಯರನ್ನೂ ಹೊಸತು ಕೊಳ್ಳೋಣವೆಂದ ಮಗನನ್ನು ನಾನೇ ತಡೆದೆ. "ಇದು ಮೂವತ್ತು ವರ್ಷ ದುಡಿದಿದೆ, ಇನ್ನೂ ದುಡಿಯುತ್ತದೆ. ನಾನು ಭೌತಶಾಸ್ತ್ರ ಪಾಠ ಮಾಡಿದವನು ಮಾರಾಯ, ಜೋಡಿಸಿಕೊಳ್ಳುತ್ತೇನೆ" ಎಂದೆ.

ಅವನು ಬೆಂಗಳೂರಿಗೆ ಮರಳಿದ ದಿನ ರಾತ್ರಿ ಜೋಡಿಸಿದೆ. ಹಳೆಯ ಸ್ಪೀಕರುಗಳನ್ನು ಎಸೆಯಲು ಮನಸ್ಸಾಗದೆ ಅವನ್ನು ಆಂಪ್ಲಿಫಯರಿನ 'ಬಿ' ತುದಿಗಳಿಗೆ ಕೊಟ್ಟು, ಅಡುಗೆಮನೆಯಲ್ಲಿರುವ ನನ್ನಾಕೆಗೂ ಕೇಳಲೆಂದು ಒಳಗಿನ ಕೋಣೆಯಲ್ಲಿಟ್ಟೆ. 'ಎ', 'ಬಿ' ಎರಡೂ ಗುಂಡಿಗಳನ್ನು ಒತ್ತಿ, ಬಲಿಪ ನಾರಾಯಣ ಭಾಗವತರ ಪದ್ಯವಿದ್ದ ಒಂದು ಧ್ವನಿಮುದ್ರಣವನ್ನು ಹಾಕಿದೆ. 2023ರಲ್ಲಿ ನಮ್ಮನ್ನಗಲಿದ ಆ ಮಹಾನುಭಾವರ ಏರುಕಂಠವನ್ನು ಬಲ್ಲವರಿಗೆ ನಾನು ವಿವರಿಸಬೇಕಾದ್ದಿಲ್ಲ. ಮೂವತ್ತು ವರ್ಷ ಕೇಳಿದ ಕ್ಯಾಸೆಟ್ಟೇ ಅದು; ಆದರೆ ಜಾಗಟೆಯ ಅಂಚಿನ ನಾದ ಪೆಟ್ಟು ಬಿದ್ದ ಮೇಲೂ ಗಾಳಿಯಲ್ಲಿ ನಿಂತು ಕರಗುವುದನ್ನು ಅಂದೇ ಮೊದಲು ಕೇಳಿದೆ. ಭಾಗವತರು ಪದ್ಯಕ್ಕೆ ಮೊದಲು ಉಸಿರೆಳೆದುಕೊಳ್ಳುವುದು ಕೇಳಿತು. ದೂರದಲ್ಲೊಂದು ಮಗು ಅತ್ತಿತು. ಅನಂತರ, ಮೈಕಿನ ತೀರಾ ಹತ್ತಿರ, ಯಾರೋ ತಡೆದು ತಡೆದು ಕೆಮ್ಮಿದರು. ಅಡುಗೆಮನೆಯಿಂದ ನನ್ನಾಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಅದು ಭಾವನ ಕೆಮ್ಮಲ್ಲವೋ?" ಎಂದಳು. ಹೌದು, ಅಣ್ಣನದೇ.

ಏರುಪದ್ಯ ಬಂತು, ಚೆಂಡೆ ಎದ್ದಿತು. ನಾಲ್ಕು ಪೆಟ್ಟು ಬಿದ್ದಿರಬಹುದು. ಆಂಪ್ಲಿಫಯರಿನೊಳಗೆ 'ಟಕ್' ಎಂದಿತು. ಕೆಂಪು ದೀಪ ಹೊತ್ತಿತು. ಮನೆಯೆಲ್ಲ ನಿಶ್ಶಬ್ದ.

ಮೊದಲು ವೋಲ್ಟೇಜನ್ನು ದೂರಿದೆ; ಸಂಜೆಯ ಹೊತ್ತಿನ ನಮ್ಮ ವಿದ್ಯುತ್ತಿನ ಗುಣ ಪುತ್ತೂರಿನವರಿಗೆ ಗೊತ್ತು. ಎರಡನೆಯ ದಿನ ಬೆಳಗ್ಗೆ, ವೋಲ್ಟೇಜ್ ನೆಟ್ಟಗಿದ್ದಾಗ ಹಾಕಿದೆ. ಪದ್ಯ ಸರಾಗವಾಗಿ ಸಾಗಿತು, ಚೆಂಡೆಗೆ ಮತ್ತೆ 'ಟಕ್'. ಮೂರನೆಯ ದಿನ ಆಂಪ್ಲಿಫಯರನ್ನು ತಿರುಗಿಸಿ, ಬೆನ್ನಿನ ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿದಾಗ ಅಲ್ಲಿ ಬರೆದದ್ದು ಕಂಡಿತು. 'ಎ' ಅಥವಾ 'ಬಿ' ಒಂದೇ ಆದರೆ ಸ್ಪೀಕರು ಕನಿಷ್ಠ 8 ಓಮ್ ಇರಬೇಕು. ಎರಡನ್ನೂ ಒತ್ತಿದರೆ ಒಂದೊಂದೂ 16 ಓಮ್ ಇರಬೇಕು. ಹೊಸ ಸ್ಪೀಕರಿನ ಬೆನ್ನಿನಲ್ಲಿ 4 ಓಮ್ ಎಂದಿತ್ತು.

ಕ್ಯಾಲೆಂಡರಿನ ಹರಿದ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 4 ಓಮ್ ಮತ್ತು 8 ಓಮ್ ಸಮಾಂತರ ಜೋಡಣೆಯಲ್ಲಿ: ಕಾಲು ಮತ್ತು ಎಂಟನೆಯ ಒಂದು ಕೂಡಿದರೆ ಎಂಟರಲ್ಲಿ ಮೂರು ಭಾಗ; ತಿರುಗಿಸಿದರೆ 2.67 ಓಮ್. ತೋಟ ಇರುವವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಒಂದೇ ಪಂಪಿಗೆ ತೋಟದ ಎಲ್ಲ ಗೇಟ್‌ವಾಲ್ವುಗಳನ್ನೂ ಒಟ್ಟಿಗೆ ತೆರೆದರೆ ನೀರಿಗೆ ದಾರಿ ಹೆಚ್ಚುತ್ತದೆ, ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಕೊನೆಗೆ ಸ್ಟಾರ್ಟರು ಬೀಳುತ್ತದೆ. ನನ್ನ ಆಂಪ್ಲಿಫಯರು 8 ಓಮಿಗೆ 25 ವ್ಯಾಟ್ ಕೊಡುವಾಗ ಅದರ ತುದಿಯಲ್ಲಿರುವುದು 14 ವೋಲ್ಟಿನಷ್ಟು, ಹರಿಯುವ ಪ್ರವಾಹ 1.8 ಆಂಪಿಯರ್. ಅದೇ 14 ವೋಲ್ಟಿಗೆ 2.67 ಓಮನ್ನು ಕಟ್ಟಿದರೆ ಅದು ಕೇಳುವುದು 5.3 ಆಂಪಿಯರ್. ಮೂರು ಪಟ್ಟು! ಬಡ ಯಂತ್ರ ಕೆಡದೆ ಕೇವಲ ಬಾಯಿ ಮುಚ್ಚಿಕೊಂಡದ್ದು ನನ್ನ ಪುಣ್ಯ.

ಸಮಾಂತರ ಜೋಡಣೆಯ ಲೆಕ್ಕವನ್ನು ಮೂವತ್ತೈದು ವರ್ಷ ಹಲಗೆಯ ಮೇಲೆ ಬರೆದವನು ನಾನು. ನನ್ನ ಮೆಚ್ಚಿನ ಲೆಕ್ಕವೊಂದಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: 16 ಓಮಿನ ನಾಲ್ಕು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? ಉತ್ತರ 4. ಭಿನ್ನರಾಶಿ ಬಾರದವರಿಗೂ ಸುಲಭವಾಗಲಿ ಎಂದು ಆ ಸಂಖ್ಯೆಗಳನ್ನು ಆಯ್ದುಕೊಂಡಿದ್ದೆ. ಕ್ಯಾಲೆಂಡರ್ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕುಳಿತಾಗ ಆ ನಾಲ್ಕು ಹದಿನಾರುಗಳು ನೆನಪಾದವು. ಅವು ಹಲಗೆಯ ಮೇಲಲ್ಲ, ಶಾಲೆಯ ಮಾಡಿನ ನಾಲ್ಕು ಮೂಲೆಗಳಲ್ಲಿ ಹಾರ್ನ್ ಸ್ಪೀಕರುಗಳಾಗಿ ಕಂಡವು.

ನಾನು ಆಗ ಇದ್ದ ಶಾಲೆಯ ಹೆಸರನ್ನು ಬರೆಯುವುದಿಲ್ಲ. ತಪ್ಪು ಶಾಲೆಯದಲ್ಲ. 1991ರ ಆಗಸ್ಟ್ 14ರ ಸಂಜೆ, ಮರುದಿನದ ಧ್ವಜಾರೋಹಣಕ್ಕಾಗಿ ಮೈಕಿನ ವ್ಯವಸ್ಥೆ ಮಾಡಬೇಕಿತ್ತು. ಶಾಲೆಗೆ ಹೊಸದಾಗಿ ದಾನವಾಗಿ ಬಂದ ಒಂದು ಆಂಪ್ಲಿಫಯರು, ನಾಲ್ಕು ಹಾರ್ನುಗಳು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು, ತಾಯಿ ಬೀಡಿ ಕಟ್ಟುತ್ತಿದ್ದರು. ಸೋದರಮಾವನೊಬ್ಬನಿಗೆ ಬಾಡಿಗೆಯ ಮೈಕ್ ಸೆಟ್ ಇತ್ತು. ಮದುವೆಗೆ, ನೇಮಕ್ಕೆ, ಆಟಕ್ಕೆ ಅವನ ಜತೆ ರಾತ್ರಿ ಹೋಗಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗ. ಅವನೇ ಮಾಡು ಹತ್ತಿ ಹಾರ್ನು ಕಟ್ಟಿದ, ತಂತಿ ಎಳೆದ. ಎರಡೆರಡು ಹಾರ್ನುಗಳನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ತಂದು ಆಂಪ್ಲಿಫಯರಿನ 16 ಎಂದಿದ್ದ ತುದಿಗೆ ಕೊಟ್ಟಿದ್ದ. 16 ಮತ್ತು 16 ಕೂಡಿ 32. ಎರಡು 32 ಸಮಾಂತರದಲ್ಲಿ ಮತ್ತೆ 16. ಲೆಕ್ಕಪುಸ್ತಕದಲ್ಲಿ ಸೊನ್ನೆ ತೆಗೆಯುತ್ತಿದ್ದ ಹುಡುಗ ಮಾಡಿದ ಜೋಡಣೆಯದು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮರುದಿನ ಬೆಳಗ್ಗೆ ಜಿಟಿಜಿಟಿ ಮಳೆ. ಪರೀಕ್ಷಿಸಿದಾಗ ಒಂದು ಬದಿಯ ಎರಡೂ ಹಾರ್ನುಗಳು ಮೌನ. ರಾತ್ರಿ ಗಾಳಿಗೆ ಎಲ್ಲೋ ಒಂದು ತಂತಿ ಕಳಚಿತ್ತು. ಸರಣಿಯಲ್ಲಿದ್ದುದರಿಂದ ಒಂದು ಸತ್ತರೆ ಎರಡೂ ಸಾಯುತ್ತವೆ. ಅತಿಥಿಗಳು ಬರಲು ಇಪ್ಪತ್ತು ನಿಮಿಷವಿತ್ತು. "ಇದೆಂಥ ವೈರಿಂಗ್!" ಎಂದು ರೇಗಿ, ಕಳಚಿದ ತಂತಿಯನ್ನು ಸೇರಿಸಿದ್ದಲ್ಲದೆ ನಾಲ್ಕೂ ಹಾರ್ನುಗಳ ತಂತಿಗಳನ್ನು ಬಿಚ್ಚಿ ನೇರವಾಗಿ ಒಟ್ಟುಗೂಡಿಸಿದೆ. ಒಂದು ಹೋದರೂ ಮೂರು ಉಳಿಯಲಿ ಎಂಬುದು ನನ್ನ ಬುದ್ಧಿವಂತಿಕೆ. ತುದಿಯನ್ನು ಮಾತ್ರ ಬದಲಿಸಲಿಲ್ಲ. ಹಾರ್ನಿನ ಬೆನ್ನಿನಲ್ಲಿ 16 ಎಂದಿತ್ತು, ಆಂಪ್ಲಿಫಯರಿನ ಬೆನ್ನಿನಲ್ಲೂ 16 ಎಂದಿತ್ತು, ಇನ್ನೇನು ಬೇಕು? ಪಕ್ಕದಲ್ಲೇ 4 ಎಂಬ ತುದಿ ಬರಿದಾಗಿ ಉಳಿದಿತ್ತು. ಹುಡುಗ, "ಬೇಡ ಸರ್, ಬಿಸಿ ಆಗ್ತದೆ" ಎಂದ. "ನಾನು ನಿನಗೆ ಕಲಿಸಬೇಕೋ, ನೀನು ನನಗೋ?" ಎಂದೆ. ಸುತ್ತಲಿದ್ದ ನಾಲ್ಕೈದು ಹುಡುಗರು ನಕ್ಕರು.

ಅತಿಥಿಗಳ ಭಾಷಣದ ನಡುವೆ ಸುಟ್ಟ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೋಗಿದ್ದವು. ಹದಿನಾರರ ತುದಿಗೆ ನಾಲ್ಕು ಓಮಿನ ಹೊರೆ. ಅಂದರೆ ಕೊಡಬೇಕಾದ್ದರ ನಾಲ್ಕು ಪಟ್ಟು ಪ್ರವಾಹವನ್ನು ಅದು ಕೊಡಲು ಹೆಣಗಿತ್ತು. ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಕರೆದು, "ವೈರಿಂಗ್ ಮಾಡಿದ್ದು ಯಾರು?" ಎಂದು ಕೇಳಿದರು.

"ನಿನ್ನೆ ಸಂಜೆ ಹುಡುಗರು ಮಾಡಿದ್ದು ಸರ್" ಎಂದೆ.

ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ಆದುದರಿಂದಲೇ ಅದು ಇಷ್ಟು ವರ್ಷ ನನ್ನನ್ನು ಕಾಡದೆ ಬಿಟ್ಟಿತು. ನಿಜವಾಗಿಯೂ ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನು ಲೆಕ್ಕ ಹಾಕಿ ನೋಡಲಿಲ್ಲ, ಅಷ್ಟೇ ಹೇಳಬಲ್ಲೆ. ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಲೆಕ್ಕವನ್ನು ಆ ದಿನ ಹಾಕಿ ನೋಡಬಾರದೆಂದು ನನ್ನೊಳಗೆ ಯಾರೋ ನಿರ್ಧರಿಸಿದ್ದರು. ಹುಡುಗನಿಗೆ ಎರಡು ಪೆಟ್ಟು ಬಿತ್ತು. ಕೊಟ್ಟವನು ನಾನಲ್ಲ, ನಿಂತು ನೋಡಿದವನು ನಾನು. ಅವನ ತಂದೆಯನ್ನು ಕರೆಸಲಾಯಿತು. ದುರಸ್ತಿಯ ಖರ್ಚು 450 ರೂಪಾಯಿಗಳನ್ನು ಅವರು ಮೂರು ಕಂತುಗಳಲ್ಲಿ ತಂದು ಕಟ್ಟಿದರು. ಹುಡುಗ ಮುಂದಿನ ಮಾರ್ಚಿನಲ್ಲಿ ಪರೀಕ್ಷೆಗೆ ಕೂರಲಿಲ್ಲ.

ಇದೆಲ್ಲವೂ ಕ್ಯಾಲೆಂಡರ್ ಹಾಳೆಯ ಎದುರು ಒಮ್ಮೆಗೇ ಬಂತು ಎಂದರೆ ಕಥೆಗೆ ಚೆನ್ನ. ಹಾಗಾಗಲಿಲ್ಲ. ಎರಡು ರಾತ್ರಿ ಬೇಕಾಯಿತು.

ಅವನೀಗ ಕಡಬದ ಕಡೆ ಸ್ವಂತ ಧ್ವನಿ-ಬೆಳಕಿನ ವ್ಯವಹಾರ ನಡೆಸುತ್ತಾನೆಂದೂ, ಮೇಳದ ಆಟಗಳಿಗೆ ಅವನ ಸೆಟ್ಟೇ ಬೇಕೆಂದು ಕೇಳುವವರಿದ್ದಾರೆಂದೂ ತಿಳಿದಿತ್ತು. ನಂಬರು ಸಿಕ್ಕಿದರೂ ಫೋನು ಮಾಡಲು ಮೂರು ವಾರ ಹಿಡಿಯಿತು. ಕೊನೆಗೆ ಮಾಡಿದಾಗ ಆಡಿದ ಮಾತು ಆಂಪ್ಲಿಫಯರಿನದೇ. ಹೊಸ ಸ್ಪೀಕರು ಬಂದಿದೆ, ಯಾವ ಆಂಪ್ಲಿಫಯರು ಹೊಂದುತ್ತದೆಂದು ಬಂದು ನೋಡುತ್ತೀಯಾ ಎಂದು ಕೇಳಿದೆ. "ಪತ್ತನಾಜೆ ಕಳೀಲಿ ಸರ್, ಮೇಳ ಒಳಗೆ ಹೋದ ಮೇಲೆ ಬರ್ತೇನೆ" ಎಂದ.

ಜೂನ್ ಮೊದಲ ವಾರ, ಮಳೆ ಹಿಡಿದ ಒಂದು ಮಧ್ಯಾಹ್ನ ಪಿಕಪ್ಪಿನಲ್ಲಿ ಬಂದ. ತಲೆ ನರೆತಿತ್ತು. ಒಂದು ಭಾರದ ಆಂಪ್ಲಿಫಯರನ್ನು ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತಿದ. "ಇದು ಮಾರ್ಲಿಕ್ಕೆ ಅಲ್ಲ ಸರ್, ಕೇಳ್ಲಿಕ್ಕೆ ಮಾತ್ರ. ಫ್ಯಾನಿನ ಶಬ್ದ ಉಂಟು, ಮನೆಗೆ ಆಗ್ಲಿಕ್ಕಿಲ್ಲ" ಎಂದ. ಚಹಾ ಕುಡಿಯುವ ಮೊದಲೇ ಮಲ್ಟಿಮೀಟರು ತೆಗೆದು ಸ್ಪೀಕರಿನ ತುದಿಗಳಿಗೆ ಹಿಡಿದ. 3.1 ಎಂದು ತೋರಿಸಿತು.

"ನಾಲ್ಕಲ್ಲವೇ?" ಎಂದೆ.

"ನಾಲ್ಕು ಅಂತ ಕರೀತಾರೆ ಸರ್, ಅಷ್ಟೇ. ಅದು ಒಂದೇ ಕಡೆ ನಿಲ್ಲುದಿಲ್ಲ."

ನಾನು ಪಾಠ ಮಾಡಿದ ರೋಧಕ ಒಂದು ಸ್ಥಿರ ಸಂಖ್ಯೆ. ಸ್ಪೀಕರು ಹಾಗಲ್ಲ. ಅದರಲ್ಲಿ ಸುರುಳಿಯಿದೆ, ಅಯಸ್ಕಾಂತವಿದೆ, ಸ್ವರಗಳನ್ನು ಹಂಚುವ ಕಿರುಮಂಡಲವಿದೆ. ಆದ್ದರಿಂದ ಅದರ ತಡೆ ಸ್ವರದೊಡನೆ ಏರಿಳಿಯುತ್ತದೆ. ಮಂದ್ರದ ಒಂದೆಡೆ 20 ಓಮಿನಾಚೆಗೂ ಏರಬಹುದು, ಇನ್ನೊಂದೆಡೆ 3ರ ಹತ್ತಿರಕ್ಕೆ ಇಳಿಯಬಹುದು. ಬೆನ್ನಿನ ಮೇಲೆ ಬರೆದ ಸಂಖ್ಯೆಯ ನೂರಕ್ಕೆ ಎಂಬತ್ತು ಭಾಗಕ್ಕಿಂತ ಕೆಳಗಿಳಿಯಬಾರದೆಂದು ಅಂತರರಾಷ್ಟ್ರೀಯ ಮಾನಕವಿದೆ. 4 ಓಮಿಗೆ ಅದು 3.2. ಇದನ್ನು ಪಾಲಿಸದ ತಯಾರಕರೂ ಉಂಟು. ಆಂಪ್ಲಿಫಯರಿನ ಪರೀಕ್ಷೆ ನಡೆಯುವುದು ಆ ತಗ್ಗಿನಲ್ಲಿ. ಇಷ್ಟನ್ನು ಅವನು ಐದಾರು ಮಾತುಗಳಲ್ಲಿ ಹೇಳಿದ. ವಿಸ್ತರಿಸಿ ಬರೆದವನು ನಾನು. ರೂಢಿ ಬಿಡದು.

ಇನ್ನೊಂದು ಮಾತಿಗೆ ನಾನು ಮೊದಲು ಒಪ್ಪಲಿಲ್ಲ. "ದೊಡ್ಡ ಆಂಪ್ಲಿಫಯರ್ ಹಾಕಿದ್ರೆ ಸ್ಪೀಕರ್ ಸುಡುದು ಕಡಿಮೆ ಸರ್, ಸಣ್ಣದು ಹಾಕಿದ್ರೇ ಜಾಸ್ತಿ" ಎಂದ. ಸಾಮಾನ್ಯ ತಿಳಿವಳಿಕೆಗೆ ಇದು ಉಲ್ಟಾ. ಆದರೆ ಚೆಂಡೆಯನ್ನು ಯೋಚಿಸಿ. ಪೆಟ್ಟಿನ ಶಿಖರ ಹಾಡಿನ ಸರಾಸರಿ ಮಟ್ಟಕ್ಕಿಂತ ಬಹಳ ಎತ್ತರ. 20 ಡೆಸಿಬೆಲ್ ಎತ್ತರವೆಂದರೆ ನೂರು ಪಟ್ಟು ಶಕ್ತಿ. ಹಾಡು ಅರ್ಧ ವ್ಯಾಟಿನಲ್ಲಿ ಸಾಗುತ್ತಿದ್ದರೆ ಪೆಟ್ಟಿಗೆ 50 ವ್ಯಾಟ್ ಬೇಕು. ಅಷ್ಟು ಕೊಡಲಾರದ ಯಂತ್ರ ಅಲೆಯ ತಲೆಯನ್ನು ಕತ್ತಿಯಿಂದ ಕೊಯ್ದಂತೆ ಚಪ್ಪಟೆ ಮಾಡುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ತಾರಸ್ವರಗಳು ಹುಟ್ಟಿಕೊಳ್ಳುತ್ತವೆ. ಅವೆಲ್ಲ ಕೂದಲಿನಂಥ ತಂತಿಯ ಸುರುಳಿಯಿರುವ ಸಣ್ಣ ಟ್ವೀಟರಿನೊಳಕ್ಕೆ ನುಗ್ಗಿ ಅದನ್ನು ಬಿಸಿಮಾಡುತ್ತವೆ. ಸಾಲದೆಂದು ನಾವು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತೇವೆ. ಜಾತ್ರೆಯ ರಾತ್ರಿಗಳಲ್ಲಿ ಎಷ್ಟೋ ಟ್ವೀಟರುಗಳು ಹೋಗುವುದು ಹೀಗೆಯೇ ಎಂದ. ಹಾಗೆಂದು ದೊಡ್ಡ ಯಂತ್ರ ಇದ್ದರೆ ಏನೂ ಆಗದೆಂದಲ್ಲ. ಗುಂಡಿಯ ಮೇಲೆ ಕೈಯಿಟ್ಟವನಿಗೆ ವಿವೇಕ ಬೇಕು.

ಹಾಗಾದರೆ ಎಷ್ಟು ವ್ಯಾಟ್? ಇಲ್ಲಿ ನಾವಿಬ್ಬರೂ ಒಂದೇ ಹಾಳೆಯ ಮೇಲೆ ಕುಳಿತೆವು. ಅವನು ತಂದ ಆಂಪ್ಲಿಫಯರಿಗೆ ಸ್ಪೀಕರು ಕೊಟ್ಟು, ಅದೇ ಪದ್ಯ ಹಾಕಿ, ನಾನು ಕೂರುವ ಕುರ್ಚಿಯಲ್ಲಿ ಮೊಬೈಲಿನ ಮೀಟರು ಹಿಡಿದ. ಭಾಗವತರು 75ರ ಸುಮಾರಿನಲ್ಲಿದ್ದರು. ಚೆಂಡೆಗೆ ಮುಳ್ಳು 86ಕ್ಕೆ ಹಾರಿತು. ನಿಜವಾದ ಶಿಖರವನ್ನು ಹಿಡಿಯುವಷ್ಟು ಚುರುಕು ಆ ಮೀಟರಿಗಿಲ್ಲ, 95 ಎಂದು ಇಟ್ಟುಕೊಳ್ಳೋಣ ಎಂದ. ಕುರ್ಚಿಯಿಂದ ಸ್ಪೀಕರಿಗೆ ಮೂರು ಮೀಟರ್. ಬಯಲಿನಲ್ಲಾದರೆ ಒಂದು ಮೀಟರಿನಿಂದ ಮೂರಕ್ಕೆ ಬರುವಾಗ ಒಂಬತ್ತೂವರೆ ಡೆಸಿಬೆಲ್ ಕಳೆಯುತ್ತದೆ. ಗೋಡೆಗಳೂ ಎರಡನೆಯ ಸ್ಪೀಕರೂ ಸೇರಿ ಅದರಲ್ಲಿ ನಾಲ್ಕೈದನ್ನು ಹಿಂದಿರುಗಿಸುತ್ತವೆ. ಅಂದರೆ ಒಂದು ಮೀಟರಿನಲ್ಲಿ 100 ಬೇಕು. ಸ್ಪೀಕರಿನ ಕಾಗದದಲ್ಲಿ 2.83 ವೋಲ್ಟಿಗೆ 85 ಡೆಸಿಬೆಲ್ ಎಂದಿತ್ತು.

ಇಲ್ಲಿ ಮಾತ್ರ ಮಾಸ್ತರಿಕೆ ಉಪಯೋಗಕ್ಕೆ ಬಂತು. 2.83 ವೋಲ್ಟೆಂದರೆ 8 ಓಮಿಗೆ ಸರಿಯಾಗಿ 1 ವ್ಯಾಟ್. ಎಲ್ಲರೂ ಹಾಗೆಯೇ ಓದಿಕೊಳ್ಳುತ್ತಾರೆ. 4 ಓಮಿಗೆ ಅದು 2 ವ್ಯಾಟ್. ಕಾಗದ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. (ಈ ವಿದ್ಯೆಯನ್ನು ನಾನು ಬಲ್ಲೆ.) 85ರಿಂದ 100ಕ್ಕೆ 15 ಡೆಸಿಬೆಲ್, ಅಂದರೆ ಮೂವತ್ತೆರಡು ಪಟ್ಟು. 2 ವ್ಯಾಟಿನ ಮೂವತ್ತೆರಡು ಪಟ್ಟು 64. ಅವನು ಹಾಳೆಯನ್ನು ನೋಡಿ, "ನಾನು ಲೆಕ್ಕ ಇಲ್ಲದೆ ನೂರು ಅಂತ ಹೇಳುತ್ತಿದ್ದೆ ಸರ್. ಸ್ವಲ್ಪ ಕೈಯಲ್ಲಿ ಇರ್ಬೇಕಲ್ವಾ" ಎಂದ. ನೂರಕ್ಕೇ ನಿಂತೆವು. 4 ಓಮಿಗೆ ನೂರು ವ್ಯಾಟ್, 8ಕ್ಕೆ ಅರುವತ್ತಾದರೂ ಸರಿ. ಓಮು ಅರ್ಧಕ್ಕಿಳಿದಾಗ ವ್ಯಾಟು ಎರಡು ಪಟ್ಟಿನ ಹತ್ತಿರ ಏರುವ ಯಂತ್ರವಾದರೆ ಅದರ ಒಳಗಿನ ವಿದ್ಯುತ್ ಪೂರೈಕೆ ಗಟ್ಟಿಯಿದೆ ಎಂದರ್ಥ. ಖರೀದಿಗೆ ಹೋದವರು ದೀಪ, ಗುಂಡಿ, ರಿಮೋಟುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟು ಹಸಿವೇಕೆ ಎಂದು ನನ್ನಾಕೆ ಕೇಳಿದಳು. ಅದಕ್ಕೊಂದು ಇತಿಹಾಸವಿದೆ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬವರು ಇಂದಿನ ಮಾದರಿಯ ಸುರುಳಿ ಸ್ಪೀಕರಿನ ಪ್ರಬಂಧವನ್ನು ಪ್ರಕಟಿಸಿದ 1925ರಲ್ಲಿ, ವಾಲ್ವು ಆಂಪ್ಲಿಫಯರು ಕೊಡುತ್ತಿದ್ದುದೇ ಕೆಲವು ವ್ಯಾಟ್. ಸ್ಪೀಕರು ದೊಡ್ಡದಿರಬೇಕಿತ್ತು, ಕೊಟ್ಟ ಚೂರನ್ನೂ ವ್ಯರ್ಥ ಮಾಡದಂತಿರಬೇಕಿತ್ತು. ಟ್ರಾನ್ಸಿಸ್ಟರು ಬಂದು ವ್ಯಾಟು ಅಗ್ಗವಾದ ಮೇಲೆ ಪೆಟ್ಟಿಗೆ ಕಿರಿದಾಯಿತು. ಪ್ರಸಿದ್ಧ ಪಿಯಾನೋ ವಾದಕ ಹಾಫ್‌ಮನ್ನನ ಮಗನೊಬ್ಬ ಸ್ಪೀಕರ್ ತಯಾರಕನಾಗಿದ್ದ. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ಶಕ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು ಎಂಬ ನಿಯಮ ಅವನ ಹೆಸರಿನಲ್ಲಿದೆ. ಬಿಬಿಸಿಯ ಇಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರು ಮನುಷ್ಯಕಂಠಕ್ಕೆ ಹೆಸರಾದದ್ದು. 1 ವ್ಯಾಟಿಗೆ ಅದು ಕೊಡುತ್ತಿದ್ದುದು 83 ಡೆಸಿಬೆಲಿನ ಆಸುಪಾಸು. ಹಾರ್ನು ಇದಕ್ಕೆ ನೇರ ವಿರುದ್ಧ: ಕೆಲವೇ ವ್ಯಾಟಿಗೆ ಊರಿಗೇ ಕೇಳುತ್ತದೆ, ಆದರೆ ಮಂದ್ರವಿಲ್ಲ.

ತಂತಿಯನ್ನೂ ಅವನು ಬದಲಿಸಿದ. ನಾನು ಹಾಕಿದ್ದು ಅರ್ಧ ಚದರ ಮಿಲಿಮೀಟರಿನ ತೆಳು ಜೋಡಿತಂತಿ. ಐದು ಮೀಟರ್ ಹೋಗಿ ಐದು ಮೀಟರ್ ಬರುವಾಗ ತಾಮ್ರದ ರೋಧವೇ 0.34 ಓಮ್, 3 ಓಮಿನ ಸ್ಪೀಕರಿಗೆ ಅದು ಹತ್ತರಲ್ಲೊಂದು ಪಾಲು. ಮನೆಯ ವೈರಿಂಗಿಗೆ ಬಳಸುವ ಎರಡೂವರೆ ಚದರದ ತಂತಿ ಹಾಕಿದರೆ 0.07ಕ್ಕಿಳಿಯುತ್ತದೆ. ಮೀಟರಿಗೆ ಸಾವಿರಾರು ರೂಪಾಯಿಯ ಸ್ಪೀಕರ್ ತಂತಿಗಳೂ ಮಾರುಕಟ್ಟೆಯಲ್ಲಿವೆ. ನನ್ನ ಅಭಿಪ್ರಾಯದಲ್ಲಿ ಅವು ತಾಮ್ರಕ್ಕಿಂತ ಹೆಚ್ಚಾಗಿ ಭಕ್ತಿಯಿಂದ ಮಾಡಿದವು.

ಹಳೆಯ ಆಂಪ್ಲಿಫಯರು ಹಳೆಯ ಸ್ಪೀಕರುಗಳೊಡನೆ ಒಳಕೋಣೆಗೆ ಹೋಯಿತು. 8ಕ್ಕೆ 8, ಅಲ್ಲಿ ಅದು ಸುಖವಾಗಿದೆ.

ಮಳೆ ಬಿಡಲಿಲ್ಲ. ಎರಡನೆಯ ಸಲ ಚಹಾ ಬಂತು. ಆಗ ಹೇಳಿದೆ. ನಾಲ್ಕು ಹಾರ್ನು, ಹದಿನಾರರ ತುದಿ, ಮುಖ್ಯೋಪಾಧ್ಯಾಯರ ಪ್ರಶ್ನೆ, ನನ್ನ ಉತ್ತರ, ಎಲ್ಲವನ್ನೂ ಹೇಳಿದೆ. ಅವನು ಮಲ್ಟಿಮೀಟರಿನ ತಂತಿಗಳನ್ನು ಸುತ್ತುತ್ತಿದ್ದ.

"ನಂಗೆ ಗೊತ್ತಿತ್ತು ಸರ್" ಎಂದ. "ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಪ್ಪನ ಹತ್ರ ಹೇಳಿದ್ದೆ. ಮಾಸ್ಟ್ರು ಸುಳ್ಳು ಹೇಳ್ತಾರಾ ಅಂತ ಕೇಳಿದ್ರು. ಮತ್ತೆ ಹೇಳ್ಲಿಲ್ಲ."

ತಂದೆ ಇದ್ದಾರೆಯೇ ಎಂದೆ. ಇಲ್ಲವೆಂದ, ಹೋಗಿ ಹದಿನೈದು ವರ್ಷದ ಮೇಲಾಯಿತು. "ಸಾಯುವವರೆಗೂ ಅದನ್ನು ಸುಟ್ಟದ್ದು ನಾನೇ ಅಂತ ತಿಳ್ಕೊಂಡಿದ್ರು. ಬೈಲಿಕ್ಕಿಲ್ಲ, ಏನಿಲ್ಲ. ನಾನು ಸೆಟ್ ತೆಗೊಂಡ ಮೇಲೆ ಒಂದೊಂದು ಸಲ ನಗಾಡ್ಲಿಕ್ಕೆ ಹೇಳ್ತಿದ್ರು, ಜಾಗ್ರತೆ, ಶಾಲೆಯಲ್ಲಿ ಸುಟ್ಟ ಹಾಗೆ ಇಲ್ಲಿ ಸುಡ್ಬೇಡ ಅಂತ."

ಒಳಗೆ ಹೋಗಿ 450 ರೂಪಾಯಿ ತಂದೆ. ಎಂಥ ಮೂರ್ಖತನ ಎಂದು ತರುವಾಗಲೇ ತಿಳಿದಿತ್ತು. ಅವನು ನೋಡಿ ನಕ್ಕ. "ಇದರಲ್ಲಿ ಈಗ ಒಳ್ಳೆ ಪಿನ್ನೂ ಬರುದಿಲ್ಲ ಸರ್, ಇಟ್ಕೊಳ್ಳಿ" ಎಂದ. ಬ್ಲಾಗಿನಲ್ಲಿ ಬರೆಯಲೇ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಬರೀರಿ. ನನ್ನ ಹೆಸರು ಬೇಡ. ಅಮ್ಮ ಇದ್ದಾರೆ, ಅವರಿಗೆ ಓದಿ ಹೇಳ್ತೇನೆ" ಎಂದ.

ಆ ತಾಯಿಗೆ ಓದಿ ಹೇಳಬೇಕಾದ ಭಾಗ ಇದು. ಅಮ್ಮಾ, 1991ರ ಆಗಸ್ಟ್ 15ರಂದು ಶಾಲೆಯ ಆಂಪ್ಲಿಫಯರು ಸುಟ್ಟದ್ದು ನಿಮ್ಮ ಮಗನಿಂದಲ್ಲ. ಅವನು ಸರಿಯಾಗಿ ಜೋಡಿಸಿದ್ದನ್ನು ನಾನು ಬಿಚ್ಚಿ ತಪ್ಪಾಗಿ ಜೋಡಿಸಿದೆ. ಬೇಡವೆಂದು ಅವನು ಹೇಳಿದ್ದ. ಕೇಳಿದವರಿಗೆ ನಾನು ನಿಜವನ್ನು ಹೇಳಲಿಲ್ಲ. ನಿಮ್ಮ ಯಜಮಾನರು ಕಟ್ಟಿದ ಹಣ ನಾನು ಕಟ್ಟಬೇಕಾಗಿದ್ದ ಹಣ. ಅಂದು ಸುತ್ತ ನಿಂತು ನಕ್ಕ ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಕ್ಕದ್ದು ತಪ್ಪೆಂದು ನಿಮಗೆ ಹೇಳುವ ಅರ್ಹತೆ ನನಗಿಲ್ಲ. ಅವನ ಊರಿಗೆ ಹೋದಾಗ ಒಮ್ಮೆ ಮಾತನಾಡಿಸಿ.

ಆಂಪ್ಲಿಫಯರು ಜುಲೈಯಲ್ಲಿ ಬಂತು. ನಮ್ಮ ದೇಶದಲ್ಲೇ ತಯಾರಾದದ್ದು, ಹನ್ನೆರಡು ಕಿಲೋ ಭಾರ, 4 ಓಮಿಗೆ ನೂರು ವ್ಯಾಟ್. ಜೋಡಿಸಲು ಅವನೇ ಬಂದಿದ್ದ. ಏರುಪದ್ಯಕ್ಕೆ ಚೆಂಡೆ ಎದ್ದಿತು, ಎಲ್ಲಿಯೂ ತಡೆಯಲಿಲ್ಲ. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಅಣ್ಣ ಇನ್ನೊಮ್ಮೆ ಕೆಮ್ಮಿದ, ಈ ಸಲ ಚೆಂಡೆಯ ಅನಂತರದ ಭಾಗದಲ್ಲಿ. ಅಲ್ಲಿವರೆಗೆ ನಾವು ಈ ಸ್ಪೀಕರಿನಲ್ಲಿ ಕೇಳಿಯೇ ಇರಲಿಲ್ಲ.

ಕಳೆದ ವಾರ, ಅಕ್ಟೋಬರಿನ ಮೋಡ ಮೂಡಣದಲ್ಲಿ ಕಪ್ಪಾಗುತ್ತಿದ್ದ ಮಧ್ಯಾಹ್ನ, ಅವನ ಫೋನು ಬಂತು. "ಸಿಡಿಲು ಸುರು ಆಗ್ತದೆ ಸರ್. ಸ್ವಿಚ್ ಆಫ್ ಮಾಡಿದ್ರೆ ಸಾಕಾಗುದಿಲ್ಲ, ಪ್ಲಗ್ಗನ್ನೇ ತೆಗ್ದಿಡಿ. ಇಂಟರ್ನೆಟ್ಟಿನ ವಯರನ್ನೂ."

ಆಗಲಿ ಎಂದೆ. ಎದ್ದು ಹೋಗಿ ಎರಡನ್ನೂ ತೆಗೆದಿಟ್ಟೆ.